ಸೀಗಡಿಗೆ ಇಟ್ಟ ಹೆಸರು

ವಿಲ್ಮಿಂಗ್ಟನ್, ನಾರ್ತ್ ಕ್ಯಾರೊಲಿನಾ
14 ಫೆಬ್ರವರಿ 2022

ರತ್ನಾ ಆಂಟಿಗೆ ವಿಜಯಶ್ರೀಯ ನಮಸ್ಕಾರ.

ಇಮೇಲ್ ಬಿಟ್ಟು ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡಿ. ನಿಮ್ಮ ಮನೆಯ ಇಮೇಲು ಇಬ್ಬರಿಗೂ ಸೇರಿ ಒಂದೇ, ಅದನ್ನು ತೆರೆಯುವವರು ಅಂಕಲ್. ಫೋನ್ ಮಾಡಿದರೂ ಅವರು ಸ್ಪೀಕರಿಗೆ ಹಾಕಿ ನಡುವೆ ಕೂರುತ್ತಾರೆ. ಈ ಸುದ್ದಿ ಮೊದಲು ನಿಮಗೊಬ್ಬರಿಗೇ ತಲುಪಬೇಕಾಗಿದೆ.

ಇಲ್ಲಿ ನಮ್ಮ ಲ್ಯಾಬಿನವರು ತೀರದಿಂದ ಬಹಳ ದೂರ ದೋಣಿಯಲ್ಲಿ ಹೋಗಿ, ಬಿಸಿನೀರಿನ ಪ್ರವಾಹ ಹಾದುಹೋಗುವ ಕಡೆ ಮುಳುಗುತ್ತೇವೆ. ಕೆರಿಬಿಯನ್ ಕಡೆಯ ಹವಳದ ಬಂಡೆಗಳಲ್ಲಿ ಇರಬೇಕಾದ ಸೀಗಡಿಗಳು ಇಷ್ಟು ಉತ್ತರಕ್ಕೆ ಹೇಗೆ ಬಂದು ಬದುಕುತ್ತಿವೆ ಎಂದು ನೋಡುವುದು ನನ್ನ ಕೆಲಸ. ಹೋಲಿಸಲು ಬೇಕೆಂದು ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಿಂದ ಹಳೆಯ ಜಾಡಿಗಳನ್ನು ತರಿಸಿಕೊಂಡೆ. ಅದರಲ್ಲಿ ನಿಮ್ಮ ಜಾಡಿಯೂ ಇತ್ತು. ಅಂಕಲ್ 1982ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿ, ನಿಮ್ಮ ಹೆಸರಿನಿಂದ 'ರತ್ನೇ' ಎಂದು ಕರೆದ ಕೆಂಪುಪಟ್ಟೆ ಸೀಗಡಿ.

ಆಂಟಿ, ಅದು ಹೊಸ ಪ್ರಭೇದವಲ್ಲ. ಈ ಕುಲದ ಸೀಗಡಿ ಎಳೆಯದಿದ್ದಾಗ ಗಂಡಾಗಿರುತ್ತದೆ, ಬೆಳೆದ ಮೇಲೆ ಗಂಡೂ ಹೆಣ್ಣೂ ಎರಡೂ ಆಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅಂಕಲ್ ಹೆಸರಿಟ್ಟ ಆ ಒಂದು ದೇಹ, ಎಲ್ಲರಿಗೂ ಮೊದಲೇ ಗೊತ್ತಿದ್ದ ಒಂದು ಸೀಗಡಿಯ ಎಳೆಯ ಗಂಡು, ಅಷ್ಟೆ. ಡಿಎನ್ಎ ಎರಡು ಸಲ ಮಾಡಿಸಿದೆ. ನಿಯಮದ ಪ್ರಕಾರ ಮೊದಲು ಇಟ್ಟ ಹೆಸರೇ ನಿಲ್ಲಬೇಕು. 'ರತ್ನೇ' ಹೋಗುತ್ತದೆ.

ನಿಮ್ಮ ಬೇಸ್‌ಮೆಂಟಿನಲ್ಲಿ ಎರಡು ವರ್ಷ ಇದ್ದು, ನಿಮ್ಮ ಕೈಯ ರೊಟ್ಟಿ ತಿಂದು, ಅಂಕಲ್ ಜೊತೆ ರೆಡ್ ಲೈನ್ ಮೆಟ್ರೋದಲ್ಲಿ ಮ್ಯೂಸಿಯಮ್ಮಿಗೆ ಹೋಗಿಬಂದು ಈ ಕಸುಬು ಕಲಿತವಳು ನಾನು. ನಿಮ್ಮ ಹೆಸರನ್ನು ನಾನೇ ಅಳಿಸಬೇಕಾಗಿದೆ. ಅಂಕಲ್‌ಗೆ ಹೇಗೆ ಹೇಳಲಿ? ಹೇಳದೆ ಪ್ರಕಟಿಸಲೇ? ನೀವು ಏನು ಹೇಳಿದರೆ ಹಾಗೆ.

ನಿಮ್ಮ
ವಿಜೂ


ಗೈದರ್ಸ್‌ಬರ್ಗ್, ಮೇರಿಲ್ಯಾಂಡ್
2 ಮಾರ್ಚ್ 2022

ವಿಜೂ,

ಒಳ್ಳೆಯ ಹುಡುಗಿ ನೀನು. ಪ್ರೇಮಿಗಳ ದಿನ ನೋಡಿಕೊಂಡು ಈ ಕಾಗದ ಬರೆದಿದ್ದೀಯ. ತಾರೀಖು ಕಂಡು ಒಬ್ಬಳೇ ನಕ್ಕೆ. ಯಾಕೆ ನಗ್ತಿ ಅಂತ ಅಂಕಲ್ ಕೇಳಿದರು, ಹಲ್ಲುನೋವು ಅಂದೆ.

ಅಳಿಸು. ನನ್ನ ಮುಖ ನೋಡಿ ಹಿಂಜರಿಯಬೇಡ. ಆ ಹೆಸರಿನಿಂದ ನಾನು ಪಟ್ಟಿರುವುದು ಸಾಕು. ಇಲ್ಲೇ ಕೊಲಂಬಿಯಾ ಊರಿನಲ್ಲಿ ಕನ್ನಡ ಸಂಘದ ಯುಗಾದಿ ಊಟ ಇರಲಿ, ಸ್ಟರ್ಲಿಂಗಿನಲ್ಲಿ ಮಗ ಮಯೂರನ ಮನೆಯ ಪೂಜೆ ಇರಲಿ, ಅಂಕಲ್ ಆ ಕಥೆ ಹೇಳದೆ ಎಲೆಯಿಂದ ಏಳುವುದಿಲ್ಲ. ಕೇಳಿದವರೆಲ್ಲ ನನ್ನ ಕಡೆ ತಿರುಗಿ, ಎಷ್ಟು ಪುಣ್ಯ ಮಾಡಿದ್ದಿರಿ ಆಂಟಿ, ನಮ್ಮವರು ಬರ್ತ್‌ಡೇ ಕೂಡ ಮರೀತಾರೆ ಅನ್ನುತ್ತಾರೆ. ಒಬ್ಬಳು, ನೀವೂ ಸೀಗಡಿ ತಿಂತೀರಾ ಎಂದು ಕೇಳಿದಳು. ನಲವತ್ತು ವರ್ಷ ಹಲ್ಲು ಬಿಟ್ಟುಕೊಂಡು ಕೂತು ನನ್ನ ದವಡೆ ಸವೆದಿದೆ.

ನಿನಗೆ ಯಾರೂ ಹೇಳದ್ದನ್ನು ಹೇಳುತ್ತೇನೆ. ಆ ಸೀಗಡಿಯನ್ನು ಹುಡುಕಿದವಳು ನಾನು. 1981, ಕೆರಿಬಿಯನ್ ತೀರದ ಬೆಲೀಜ಼್. ಅಂಕಲ್ ನೀರಿಗಿಳಿದು, ಸತ್ತುಹೋದ ಹವಳದ ಕಲ್ಲು ತರುತ್ತಿದ್ದರು. ನನಗೆ ಈಜು ಬಾರದು, ದೋಣಿಯಲ್ಲಿ ಕೂತು ಸುತ್ತಿಗೆಯಿಂದ ಒಡೆದು ಒಳಗೆ ಏನಿದೆ ಎಂದು ನೋಡುತ್ತಿದ್ದೆ. ಧಾರವಾಡದಲ್ಲಿ ಎಂಎಸ್ಸಿ ಮಾಡಿದವಳಿಗೆ ಇಲ್ಲಿ ವೀಸಾದಲ್ಲಿ ಅವಲಂಬಿತೆ ಎಂದು ಹೆಸರು, ಮ್ಯೂಸಿಯಮ್ಮಿನಲ್ಲಿ ವಾಲಂಟಿಯರ್ ಎಂದು ಹೆಸರು. ಗಂಡ ಇರುವ ವಿಭಾಗದಲ್ಲಿ ಹೆಂಡತಿಗೆ ಕೆಲಸ ಕೊಡುವ ಕಾಲವಲ್ಲ ಅದು. ಒಂದು ಕಲ್ಲಿನಿಂದ ಕೆಂಪುಪಟ್ಟೆಯದು ಹೊರಬಂತು, ಬಾಲದ ಬುಡದಲ್ಲಿ ಬಿಳಿ ಉಂಗುರ. ಅಂಥದ್ದನ್ನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಆಲ್ಕೊಹಾಲಿಗೆ ಹಾಕಿದರೆ ಬಣ್ಣ ಹೋಗುತ್ತದೆಯಲ್ಲ, ಅದಕ್ಕೇ ಜೀವ ಇರುವಾಗಲೇ ಅಲ್ಲೇ ಕೂತು ಬಣ್ಣದಲ್ಲಿ ಚಿತ್ರ ಬರೆದುಕೊಂಡೆ. ಆಮೇಲೆ ಅಂಥವೇ ಇನ್ನೂ ಕೆಲವು ಸಿಕ್ಕವು, ಆ ಕಲ್ಲುಗಳ ಬೇರೆ ಸೀಗಡಿಗಳ ಜೊತೆ ಒಂದೇ ಜಾಡಿಗೆ ಹಾಕಿದೆ. ಮನೆಗೆ ಬಂದು ವರ್ಣನೆ ಪೂರ್ತಿ ಬರೆದೆ. ಅಷ್ಟರಲ್ಲಿ ಮಯೂರ ಹುಟ್ಟಿದ. ನಾನು ಆಸ್ಪತ್ರೆಯಲ್ಲಿದ್ದಾಗ ಅವರು ಜಾಡಿ ತೆಗೆದು, ಕಾಲು ಮುರಿಯದ ಒಂದನ್ನು ಆರಿಸಿ, ಅದನ್ನೇ ಹೆಸರಿಗೆ ಆಧಾರವಾದ ಮೂಲ ಮಾದರಿ ಮಾಡಿ ಪ್ರಬಂಧ ಕಳಿಸಿಬಿಟ್ಟರು. ಅಚ್ಚಾಗಿ ಬಂದಾಗ ನೋಡಿದೆ. ಮೇಲೆ ಲೇಖಕರ ಜಾಗದಲ್ಲಿ ಅವರೊಬ್ಬರೇ. ಒಳಗೆ ಸೀಗಡಿಗೆ ನನ್ನ ಹೆಸರು.

ಬಾಣಂತಿ ನಾನು, ಆದರೂ ಜಗಳ ತೆಗೆದೆ. ಆ ಜಾಡಿಯಲ್ಲಿ ಎರಡು ಜಾತಿ ಇದ್ದವು, ನೀವು ಆರಿಸಿದ್ದು ನಾನು ಹೇಳಿದ್ದಲ್ಲ, ಬರೆದವಳ ಹೆಸರು ಎಲ್ಲಿ ಅಂತ ಕೇಳಿದೆ. ಅವರು ಹೇಳಿದ್ದು ಒಂದೇ ಮಾತು.

"ನಿನ್ನ ಹೆಸರ ಇಟ್ಟೀನಿ. ಇನ್ನೇನ ಬೇಕ ನಿನಗ?"

ಈಗ ಕೆಲಸದ ಮಾತು. ಅದೇ ಜಾಡಿಯಲ್ಲಿ ಉಳಿದವನ್ನು ಒಂದೊಂದಾಗಿ ನೋಡು. ಬಣ್ಣ ಇರುವುದಿಲ್ಲ, ನಿಜ. ಆದರೆ ನನ್ನದಕ್ಕೆ ಮೂತಿಯ ಮುಳ್ಳು ಗಿಡ್ಡ, ಕಣ್ಣಿನಿಂದ ಆಚೆ ದಾಟುವುದಿಲ್ಲ. ನನ್ನ ಚಿತ್ರದ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಅಂಕಲ್‌ಗೆ ನೀನೇ ಫೋನ್ ಮಾಡಿ ಹೇಳು. ನಾನು ಅಡುಗೆಮನೆಯಲ್ಲಿ ಇರುತ್ತೇನೆ.

ರತ್ನಾ ಆಂಟಿ


ವಿಲ್ಮಿಂಗ್ಟನ್
23 ಮೇ 2022

ಆಂಟಿ,

ನಿಮ್ಮ ಚಿತ್ರ ನನ್ನ ಮೇಜಿನ ಮುಂದೆ ಅಂಟಿಸಿದ್ದೇನೆ. ನೋಡಿದವರೆಲ್ಲ ಯಾರು ಬರೆದದ್ದು ಎಂದು ಕೇಳುತ್ತಾರೆ.

ನೀವು ಹೇಳಿದ್ದು ಅಕ್ಷರಶಃ ನಿಜ. ಜಾಡಿಯಲ್ಲಿ ಎರಡು ಪ್ರಭೇದ ಇವೆ. ಗಿಡ್ಡ ಮುಳ್ಳಿನವಕ್ಕೆ ಇವತ್ತಿನ ತನಕ ಯಾರೂ ಹೆಸರು ಇಟ್ಟಿಲ್ಲ. ಇನ್ನೊಂದು ಕೇಳಿ. ಹೋದ ವಾರ ಇಲ್ಲಿ ಮುಳುಗಿದಾಗ ಒಂದು ಬಂಡೆಯ ಬಿರುಕಿನಲ್ಲಿ ಟಾರ್ಚ್ ಹಾಕಿದೆ. ಬಿಳಿ ಉಂಗುರ. ಒಂದಲ್ಲ, ಗುಂಪು. ಮೀನೊಂದು ಬಾಯಿ ತೆರೆದು ನಿಂತಿತ್ತು, ಇವು ಅದರ ಕಿವಿರಿನೊಳಗೆ ಹೋಗಿ ಹುಳ ಹೆಕ್ಕುತ್ತಿದ್ದವು. ಬೆಲೀಜ಼್‌ನ ಮರಿಗಳು ಪ್ರವಾಹದಲ್ಲಿ ತೇಲಿ ಫ್ಲಾರಿಡಾ ದಾಟಿ ಇಲ್ಲಿಗೆ ಬಂದು ಬೀಳುತ್ತವೆ ಎಂದು ಕಾಣುತ್ತದೆ. ತೀರದ ಹತ್ತಿರ ಬಂದವು ಚಳಿಗೆ ಸಾಯುತ್ತವೆ, ದೂರದ ಬಂಡೆಗಳಲ್ಲಿ ಉಳಿದವು ಚಳಿಗಾಲ ಕಳೆದು ಮೊಟ್ಟೆ ಇಡುತ್ತಿವೆ. ಎಲ್ಲವೂ ನಿಮ್ಮ ಚಿತ್ರದ ಹಾಗೇ ಇವೆ. ನೀರಿನೊಳಗೆ ನನಗೆ ಅಳು ಬಂತು.

ಅಂಕಲ್‌ಗೆ ಫೋನ್ ಮಾಡಿದ್ದು ನಿಮಗೆ ಗೊತ್ತು. ಹೂಂ ಹೂಂ ಎಂದು ಕೇಳಿಸಿಕೊಂಡು, ಆಯ್ತವಾ ಎಂದು ಇಟ್ಟುಬಿಟ್ಟರು. ಆಮೇಲೆ ಎತ್ತುತ್ತಿಲ್ಲ.

ಆಂಟಿ, ಇದನ್ನು ಇಬ್ಬರೂ ಸೇರಿ ಬರೆಯೋಣ. ವರ್ಣನೆ, ರೇಖಾಚಿತ್ರ ನಿಮ್ಮದೇ ಆಗಬೇಕು. ಗಿಡ್ಡ ಮುಳ್ಳಿನ ಮೂರು ಸೀಗಡಿಗಳನ್ನೂ ಒಂದು ಸಣ್ಣ ಮೈಕ್ರೊಸ್ಕೋಪನ್ನೂ ಕಳಿಸುತ್ತಿದ್ದೇನೆ. ನಮ್ಮ ಬಾಸ್ ಕೂಡ ಒಪ್ಪಿದ್ದಾರೆ.

ನಿಮ್ಮ
ವಿಜೂ


ಗೈದರ್ಸ್‌ಬರ್ಗ್
6 ಜೂನ್ 2022

ಚಿ. ವಿಜಯಶ್ರೀಗೆ,

ನಿನ್ನ ಫೋನಿಗೆ ಉತ್ತರ ಕೊಡದಿದ್ದುದಕ್ಕೆ ಕಾರಣ ಬರೆಯಬೇಕಾದದ್ದು ನನ್ನ ಕರ್ತವ್ಯ. ನಿನ್ನ ಡಿಎನ್ಎ ಫಲಿತಾಂಶವನ್ನು ನಾನು ಪ್ರಶ್ನಿಸುವುದಿಲ್ಲ. ತಪ್ಪನ್ನು ತಿದ್ದಬೇಕು, ಹಾಗೆಂದು ನಿನಗೆ ಕಲಿಸಿದವನೇ ನಾನು. ಪ್ರಕಟಿಸು.

ಆದರೆ ಒಂದು ಮಾತು. ನಾನು ಈ ದೇಶಕ್ಕೆ ಬಂದಾಗ ನನ್ನ ಬಳಿ ಹೆಂಡತಿಗೆ ಕೊಡುವಂಥದ್ದು ಏನೂ ಇರಲಿಲ್ಲ. ಆ ಹೆಸರು ಒಂದನ್ನು ಕೊಟ್ಟಿದ್ದೆ. ಅದನ್ನು ತೆಗೆಯುವವಳು ನಮ್ಮ ಮನೆಯಲ್ಲೇ ಇದ್ದು ಹೋದ ಹುಡುಗಿ ಆಗಬೇಕಿತ್ತೇ? ಬೇರೆ ಯಾರಾದರೂ ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಇನ್ನು ಮುಂದೆ ಫೋನ್ ಮಾಡುವ ತೊಂದರೆ ತೆಗೆದುಕೊಳ್ಳಬೇಡ.

ಶುಭಾಶಯಗಳೊಂದಿಗೆ,
ರಾಮಲಿಂಗಪ್ಪ


ಗೈದರ್ಸ್‌ಬರ್ಗ್
19 ಜುಲೈ 2022

ವಿಜೂ,

ಅಂಕಲ್ ನಿನಗೆ ಕಾಗದ ಬರೆದರು. ನನಗೆ ಓದಿ ತೋರಿಸಿಯೇ ಅಂಟಿಸಿದರು. ಕೊಡಲು ಏನೂ ಇರಲಿಲ್ಲ ಎಂಬ ಸಾಲಿಗೆ ಬಂದು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ನೀರು ತಂದುಕೊಟ್ಟೆ. ಅವರು ಸುಳ್ಳು ಹೇಳುವುದಿಲ್ಲ, ವಿಜೂ, ಅದೇ ಕಷ್ಟ. ಕೊಟ್ಟಿದ್ದೇನೆ ಎಂದೇ ನಂಬಿದ್ದಾರೆ. ಅದು ಮೊದಲೇ ನನ್ನದಾಗಿತ್ತು ಎಂದು ಅವರಿಗೆ ಹೊಳೆಯುವುದೇ ಇಲ್ಲ.

ಮೈಕ್ರೊಸ್ಕೋಪ್ ಬಂತು. ಊಟದ ಮೇಜಿನ ಒಂದು ತುದಿಯಲ್ಲಿ ಇಟ್ಟುಕೊಂಡಿದ್ದೇನೆ. ಅವರು ಇನ್ನೊಂದು ತುದಿಗೆ ತಟ್ಟೆ ಎಳೆದುಕೊಂಡು ಉಣ್ಣುತ್ತಾರೆ, ಆಲ್ಕೊಹಾಲಿನ ವಾಸನೆ ಅಂತಾರೆ. ಜನ್ಮವೆಲ್ಲ ಅವರ ಕೋಟಿನಿಂದ ಬಂದದ್ದು ಯಾವ ವಾಸನೆಯೋ. ಎಡಗಣ್ಣು ಮಸುಕು, ಬಲಗಣ್ಣಿನಲ್ಲಿ ನೋಡಿ ಬರೆಯುತ್ತೇನೆ. ಒಂದು ಕಾಲು ಮುಗಿಯುವ ಹೊತ್ತಿಗೆ ಕತ್ತು ಹಿಡಿಯುತ್ತದೆ. ಆದರೂ ಬೆಳಿಗ್ಗೆ ಏಳುವಾಗ ಇವತ್ತು ಏನು ಮಾಡಬೇಕು ಎಂದು ಗೊತ್ತಿರುತ್ತದೆ. ಹಾಗೆ ಎದ್ದು ಎಷ್ಟು ಕಾಲವಾಗಿತ್ತೋ.

ನೀನು ಇಬ್ಬರೂ ಸೇರಿ ಎಂದು ಬರೆದಿದ್ದೀಯ. ಸಂಕೋಚ ಬಿಟ್ಟು ಕೇಳುತ್ತೇನೆ, ಒಮ್ಮೆ ಸಂಕೋಚಪಟ್ಟು ಕೆಟ್ಟಿದ್ದೇನೆ. ಲೇಖಕರ ಜಾಗದಲ್ಲಿ ನನ್ನ ಹೆಸರು ಬೇಕು. ಮೊದಲೇ ಇರಬೇಕೆಂದಿಲ್ಲ, ನಿನ್ನ ಬಾಸಿನ ಕೆಳಗೆ, ಎಲ್ಲರಿಗಿಂತ ಕೊನೆಗೆ ಇದ್ದರೂ ಸೈ. ನನಗೆ ಎಪ್ಪತ್ತಮೂರು. ಇನ್ನೊಂದು ಸೀಗಡಿ ನನಗೆ ಸಿಕ್ಕುವುದಿಲ್ಲ.

ಆಶೀರ್ವಾದಗಳು,
ರತ್ನಾ ಆಂಟಿ


ಗೈದರ್ಸ್‌ಬರ್ಗ್
11 ನವೆಂಬರ್ 2022

ವಿಜೂ,

ಹೋದ ಕಾಗದಕ್ಕೆ ಉತ್ತರ ಬರಲಿಲ್ಲ. ಕೆಲಸ ಜಾಸ್ತಿ ಇರಬೇಕು ಎಂದುಕೊಂಡಿದ್ದೇನೆ.

ಈ ಪಾರ್ಸೆಲ್ಲಿನಲ್ಲಿ ವರ್ಣನೆ ಪೂರ್ತಿ ಇದೆ, ಚಿತ್ರಗಳೆಲ್ಲ ಇವೆ. ಬಾಲದ ಚಿತ್ರ ಎರಡು ಸಲ ಹರಿದು ಹೊಸದಾಗಿ ಬರೆದೆ. ಮಯೂರ ಬಂದಿದ್ದ, ಅಮ್ಮಾ ದಿಸ್ ಈಸ್ ಅಮೇಜ಼ಿಂಗ್ ಅಂದ. ಅವನಿಗೆ ನಲವತ್ತು ಆಯಿತು, ತಾಯಿ ಏನು ಓದಿದ್ದಳೆಂದು ಅವತ್ತೇ ಮೊದಲ ಸಲ ಕೇಳಿದ.

ಲೇಖಕಿಯ ಹೆಸರನ್ನು ಹೇಗೆ ಬರೆಯಬೇಕು ಎಂದು ಬಹಳ ಯೋಚಿಸಿದೆ. ರತ್ನಾ ಎನ್ನುವುದು ನನ್ನ ಹೆಸರಲ್ಲ. ನಿನಗೆ ಇದನ್ನು ಹೇಳಿದ್ದೆನೋ ಇಲ್ಲವೋ. ನಮ್ಮ ಅಪ್ಪ ಇಟ್ಟದ್ದು ಚನ್ನಮ್ಮ. ನಮ್ಮ ಅತ್ತೆಯ ಹೆಸರೂ ಚನ್ನಮ್ಮ. ಒಂದೇ ಮನೆಯಲ್ಲಿ ಇಬ್ಬರು ಚನ್ನಮ್ಮರು ಬೇಡ, ಗಂಡ ಹೆಂಡತಿಯನ್ನು ಕರೆದರೆ ತಾಯಿಯನ್ನು ಕರೆದ ಹಾಗೆ ಆಗುತ್ತದೆ ಎಂದು ಮದುವೆಯ ದಿನ ಅಕ್ಕಿಯಲ್ಲಿ ರತ್ನಾ ಎಂದು ಬರೆಸಿದರು. ನಮ್ಮ ಪ್ರಾಣಿಶಾಸ್ತ್ರದಲ್ಲೂ ಅದೇ ನಿಯಮ ಅಲ್ಲವೇ, ಮೊದಲು ಬಂದವರ ಹೆಸರು ನಿಲ್ಲುತ್ತದೆ, ಎರಡನೆಯವರು ಬದಲಾಯಿಸಿಕೊಳ್ಳಬೇಕು. ಎಂಎಸ್ಸಿ ಸರ್ಟಿಫಿಕೇಟಿನಲ್ಲಿ ಇರುವುದು ಚನ್ನಮ್ಮ. ಅದನ್ನೇ ಹಾಕು. ಆ ಹೆಸರಿನಲ್ಲಿ ಓದಿದ್ದೆ, ಆ ಹೆಸರಿನಲ್ಲಿ ಒಂದು ಪ್ರಬಂಧ ಬರಲಿ.

ಸೀಗಡಿಗೆ ಏನು ಹೆಸರು ಇಡುತ್ತೀಯೋ ನಿನ್ನಿಷ್ಟ. ಉಂಗುರದ ಮೇಲೆ ಇಡು, ಊರಿನ ಮೇಲೆ ಇಡು. ಉತ್ತರ ಬರೆ.

ಚನ್ನಮ್ಮ
(ಬರೆದು ನೋಡಿದೆ, ಕೈ ಮರೆತಿಲ್ಲ)


ವಿಲ್ಮಿಂಗ್ಟನ್
28 ಆಗಸ್ಟ್ 2023

ಪ್ರೀತಿಯ ಆಂಟಿ,

ಇಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದಕ್ಕೆ ಬೈಯಿರಿ, ಪರವಾಗಿಲ್ಲ. ನಿಮಗೆ ಸರ್‌ಪ್ರೈಜ಼್ ಕೊಡಬೇಕಿತ್ತು. ಪ್ರಬಂಧ ಅಚ್ಚಾಗಿದೆ, ಜೊತೆಗಿದೆ. ಮೊದಲು ಒಳಗಿನ ಚಿತ್ರಗಳನ್ನು ನೋಡಿ, ಒಂದು ಗೀರನ್ನೂ ಬದಲಿಸಿಲ್ಲ. ಆಮೇಲೆ ಸೀಗಡಿಯ ಹೆಸರು ನೋಡಿ.

'ಚನ್ನಮ್ಮೇ'.

ನಿಮ್ಮ ನವೆಂಬರಿನ ಕಾಗದ ಓದಿದ ದಿನವೇ ನಿರ್ಧಾರ ಮಾಡಿದೆ. ಅಂಕಲ್ ಕೊಟ್ಟದ್ದು ಅತ್ತೆಮನೆಯವರು ಇಟ್ಟ ಹೆಸರು. ಅದು ಹೋಯಿತು, ಹೋಗಲಿ. ನಿಮ್ಮ ಸ್ವಂತ ಹೆಸರನ್ನು ನಿಮಗೆ ವಾಪಸ್ ಕೊಡಬೇಕು ಅನ್ನಿಸಿತು. ಹೆಸರಿನ ವಿವರಣೆಯಲ್ಲಿ ಎಲ್ಲ ಬರೆದಿದ್ದೇನೆ, ಈ ಪ್ರಭೇದವನ್ನು ಮೊದಲು ಕಂಡ ಚನ್ನಮ್ಮನವರ ಗೌರವಾರ್ಥ ಎಂದು.

ಒಂದೇ ಒಂದು ವಿಷಯ. ಲೇಖಕರು ತಮ್ಮ ಹೆಸರನ್ನೇ ಪ್ರಾಣಿಗೆ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿಯಲ್ಲ, ನೋಡಿದವರು ನಗುತ್ತಾರೆ ಎಂದು ಬಾಸ್ ಹೇಳಿದರು. ಹೆಸರು ಇಡುವುದಾದರೆ ಅವರು ಲೇಖಕಿ ಆಗುವಂತಿಲ್ಲ, ಲೇಖಕಿ ಆಗುವುದಾದರೆ ಆ ಹೆಸರು ಬೇಡ, ಎರಡರಲ್ಲಿ ಒಂದು ಎಂದರು. ನಾನು ಬಹಳ ಯೋಚಿಸಿದೆ ಆಂಟಿ. ಲೇಖಕರು ಯಾರೆಂದು ಯಾರು ನೆನಪಿಡುತ್ತಾರೆ? ಸೀಗಡಿಯ ಹೆಸರು ಶಾಶ್ವತ. ಅದಕ್ಕೇ ಹೆಸರನ್ನು ಆರಿಸಿದೆ. ಕೊನೆಯ ಪುಟದ ಕೃತಜ್ಞತೆಗಳಲ್ಲಿ ನಿಮ್ಮನ್ನು ಎಲ್ಲರಿಗಿಂತ ಮೊದಲು ನೆನೆದಿದ್ದೇನೆ.

ನನಗೆ ಇಲ್ಲಿ ಪರ್ಮನೆಂಟ್ ಆಯಿತು. ಈ ಪ್ರಬಂಧ ಅದಕ್ಕೆ ತುಂಬ ಸಹಾಯ ಮಾಡಿತು. ನಿಮ್ಮ ಆಶೀರ್ವಾದ.

ನಿಮ್ಮ ಮಗಳಂಥ
ವಿಜೂ


ಗೈದರ್ಸ್‌ಬರ್ಗ್
17 ಸೆಪ್ಟೆಂಬರ್ 2023

ವಿಜಯಶ್ರೀಗೆ,

ಪ್ರಬಂಧ ಬಂತು. ದಪ್ಪ ಲಕೋಟೆ ಎಂದು ಅಂಕಲ್ ಒಡೆದರು. ಹೆಸರು ಓದಿ ಕುರ್ಚಿಯಲ್ಲಿ ಕೂತುಬಿಟ್ಟರು. ಕಣ್ಣಲ್ಲಿ ನೀರು.

"ನಮ್ಮವ್ವನ ಹೆಸರ ಇಟ್ಟಾಳ ಹುಡುಗಿ. ನನಗ ನೋವಾಗೇತಿ ಅಂತ ತಿಳಕೊಂಡಾಳ."

ನಾನು ವಿವರಣೆಯ ಸಾಲಿಗೆ ಬೆರಳು ಇಟ್ಟು ತೋರಿಸಿದೆ. ಮೊದಲು ಕಂಡ ಚನ್ನಮ್ಮ ಅಂದರೆ ನಾನು ಎಂದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮಡಚಿ ಜೇಬಿನಲ್ಲಿಟ್ಟುಕೊಂಡರು.

"ಇಬ್ಬರದೂ ಅದ ಹೆಸರ ಅಲ್ಲ? ಏನ ಫರಕ ಬೀಳತೈತಿ?"

ಆ ಮೇಲೆ ಮಯೂರನಿಗೆ ಫೋನ್, ಹುಬ್ಬಳ್ಳಿಯ ತಮ್ಮನಿಗೆ ಫೋನ್, ಸಂಘದ ಪ್ರೆಸಿಡೆಂಟರಿಗೆ ಫೋನ್. ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ನಿನ್ನ ಪ್ರಬಂಧವನ್ನು ದೊಡ್ಡದಾಗಿ ಸ್ಕ್ರೀನಿನ ಮೇಲೆ ತೋರಿಸುತ್ತಾರಂತೆ. ಅವರ ತಾಯಿ ಸಾಯುವ ತನಕ ಓಣಿಗೆಲ್ಲ, ಮಗ ಅಮೆರಿಕದಾಗ ಕಲ್ಲಿನ ಅಭ್ಯಾಸ ಮಾಡತಾನ ಎಂದೇ ಹೇಳಿದವರು. ಸೀಗಡಿ ಎಂಬ ಮಾತು ಅವರ ದೇವರಮನೆಯ ಹತ್ತಿರ ಸುಳಿಯುವಂತಿರಲಿಲ್ಲ. ಪಾಪ, ಈಗ ಅವರಿಗೂ ಒಂದು ಸೀಗಡಿ ಸಿಕ್ಕಿತು. ಅಂಕಲ್ ನಿನ್ನನ್ನು ಪೂರ್ತಿ ಕ್ಷಮಿಸಿದ್ದಾರೆ. ಫೋನ್ ಮಾಡಬಹುದು, ಎತ್ತುತ್ತಾರೆ.

ನಾನು ಪ್ರಬಂಧವನ್ನು ಮೊದಲಿಂದ ಕೊನೆಯ ತನಕ ಓದಿದೆ. ವರ್ಣನೆ ನನ್ನದೇ, ಒಂದು ಅಲ್ಪವಿರಾಮವನ್ನೂ ಕದಲಿಸಿಲ್ಲ, ಅಷ್ಟು ಗೌರವ ಕೊಟ್ಟಿದ್ದೀಯ. ಮೇಲೆ ನೀನು, ನಿನ್ನ ಬಾಸ್. ಕೃತಜ್ಞತೆಗಳಲ್ಲಿ ನಾನು, ನನ್ನ ಪಕ್ಕದಲ್ಲಿ ದೋಣಿ ನಡೆಸಿದವನು.

ಯೋಚಿಸಿದೆ ಎಂದು ಬರೆದಿದ್ದೀಯ. ಎರಡರಲ್ಲಿ ಒಂದು ಎಂದಾಗ ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ. ಒಂದು ಸ್ಟಾಂಪಿನ ಕೆಲಸ. ಕೇಳಿದ್ದರೆ, ಸೀಗಡಿಗೆ ನಿನ್ನ ನಾಯಿಯ ಹೆಸರು ಇಡು, ನನ್ನನ್ನು ಮೇಲೆ ಹಾಕು ಅನ್ನುತ್ತಿದ್ದೆ. ಅದು ನಿನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅಂಕಲ್‌ಗೆ ಗೊತ್ತಿರಲಿಲ್ಲ. ಅವರ ಮೇಲಿನ ಸಿಟ್ಟು ನಿನ್ನಿಂದ ಸ್ವಲ್ಪ ಕಡಿಮೆಯಾಯಿತು ನೋಡು, ಅದೊಂದು ಉಪಕಾರ.

ನೀನು ಕೆಟ್ಟವಳಲ್ಲ. ಪರ್ಮನೆಂಟ್ ಆದದ್ದು ಒಳ್ಳೆಯದಾಯಿತು. ಮೈಕ್ರೊಸ್ಕೋಪನ್ನು ವಾಪಸ್ ಕಳಿಸಿದ್ದೇನೆ, ಗಾಜು ಒಡೆಯದ ಹಾಗೆ ಹಳೆಯ ಸೀರೆಯಲ್ಲಿ ಸುತ್ತಿದ್ದೇನೆ, ಸೀರೆ ಇಟ್ಟುಕೋ. ಇನ್ನು ಮುಂದೆ ಕಾಗದ ಬೇಡ. ಏನಾದರೂ ತಿಳಿಸುವುದಿದ್ದರೆ ಇಮೇಲಿಗೆ ಬರೆ, ಅವರು ಓದಿ ಹೇಳುತ್ತಾರೆ.

ಇಂತಿ,
ರಾಮಲಿಂಗಪ್ಪನವರ ಹೆಂಡತಿ